ಆಯುಧಪೂಜೆಯ ದಿನದಿಂದ ವಿಮಾನದ ಎಂಜಿನ್ ನಡುಗುತ್ತಿದೆ, ಎಲ್ಲಿ ಹುಡುಕಲಿ?

ಕಟಪಾಡಿ ಬಸ್‌ಬಾಡಿ:

ನಮಸ್ಕಾರ. ನಾನು ಉಡುಪಿ ಕಡೆಯವನು. 26 ವರ್ಷ ಬಸ್ಸಿಗೆ ಬಾಡಿ ಕಟ್ಟಿದವನು. ಈಗ ಎಂಟು ವರ್ಷದಿಂದ ಮನೆಯ ಹಿಂದಿನ ಶೆಡ್‌ನಲ್ಲಿ ಎರಡು ಸೀಟಿನ ಸಣ್ಣ ವಿಮಾನ ಕಟ್ಟುತ್ತಿದ್ದೇನೆ. ನಕ್ಷೆ ತರಿಸಿಕೊಂಡು, ಅಲ್ಯೂಮಿನಿಯಂ ಶೀಟ್ ಕತ್ತರಿಸಿ, ಒಂದೊಂದೇ ರಿವೆಟ್ ಹೊಡೆದು. ಇನ್ನೂ ಹಾರಿಸಿಲ್ಲ. ವಿಮಾನಯಾನ ಇಲಾಖೆಯ (ಡಿಜಿಸಿಎ) ಕಾಗದಪತ್ರ ಮುಗಿಯುವವರೆಗೆ ಹಾರಿಸುವುದೂ ಇಲ್ಲ. ಸದ್ಯಕ್ಕೆ ಬಾಲವನ್ನು ತೆಂಗಿನ ಮರಕ್ಕೆ ಕಟ್ಟಿ, ಚಕ್ರಕ್ಕೆ ಅಡ್ಡ ಇಟ್ಟು ಎಂಜಿನ್ ಮಾತ್ರ ಓಡಿಸುವುದು. ಆ ಮರದ ಕಾಯಿ ಕೀಳಿಸಿ ಆಗಿದೆ, ಅದನ್ನು ಯಾರೂ ಕೇಳಬೇಡಿ.

ಎಂಜಿನ್ ರೋಟಾಕ್ಸ್ 912, 80 ಹಾರ್ಸ್‌ಪವರಿನದ್ದು. ಮುಂದೆ ಎರಡು ಬ್ಲೇಡಿನ ಪ್ರೊಪೆಲ್ಲರ್. ಮೇ ತಿಂಗಳಲ್ಲಿ ಓಡಿಸಿದಾಗ ಪಕ್ಕದ ಸೀಟಿನ ಮೇಲೆ ಇಟ್ಟ ಚಹಾ ತುಳುಕುತ್ತಿರಲಿಲ್ಲ. ಮಳೆಗಾಲ ಪೂರ್ತಿ ಟಾರ್ಪಾಲ್ ಹೊದಿಸಿ ಇಟ್ಟೆ. ಆಯುಧಪೂಜೆಗೆ ಹೂ ಹಾಕಿ, ಕಾಯಿ ಒಡೆದು, ಹೂ ತೆಗೆದು ಸ್ಟಾರ್ಟ್ ಮಾಡಿದೆ. ನಿಮಿಷಕ್ಕೆ 1800 ಸುತ್ತಿನ (ಆರ್‌ಪಿಎಂ) ಐಡಲ್‌ನಲ್ಲಿ ಎಂತದೂ ಇಲ್ಲ. 2500 ದಾಟುತ್ತಲೇ ನಡುಕ ಶುರು. 3500ಕ್ಕೆ ಮೀಟರಿನ ಮುಳ್ಳು ಎರಡೆರಡು ಕಾಣುತ್ತದೆ. ಆರ್‌ಪಿಎಂ ಏರಿದ ಹಾಗೆ ನಡುಕವೂ ಏರುವುದು, ನಡುವೆ ಎಲ್ಲೂ ತಗ್ಗುವುದಿಲ್ಲ.

ಮಾಡಿದ್ದು ಇಷ್ಟು. ಬೇಸಿಗೆಯ ಎಥೆನಾಲ್ ಪೆಟ್ರೋಲ್ ಪೂರ್ತಿ ಚೆಲ್ಲಿದೆ. ಕಾರ್ಬ್ಯುರೇಟರಿನ ಬಟ್ಟಲಲ್ಲಿ ನೀರಿನ ಹನಿ ಇತ್ತು, ಒರೆಸಿದೆ. ಅದರಲ್ಲಿ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್‌ಗಳನ್ನು ಅಕ್ಕಸಾಲಿಗರ ಅಂಗಡಿಗೆ ಒಯ್ದು ತೂಗಿಸಿದೆ. ಒಂದು ಜೋಡಿ 7 ಗ್ರಾಂ ಮೀರಬಾರದು, ಎರಡೂ ಜೋಡಿ ಅದರ ಒಳಗೇ ಉಂಟು. ಪ್ಲಗ್ ಎಂಟೂ ಹೊಸತು. ಹಲ್ಲು ಕಚ್ಚಿ ಒಮ್ಮೆ 4000ಕ್ಕೆ ಏರಿಸಿ ಪ್ಲಗ್ಗಿಗೆ ಕಿಡಿ ಕೊಡುವ ಎರಡು ಇಗ್ನಿಷನ್‌ಗಳನ್ನು ಒಂದೊಂದಾಗಿ ಆಫ್ ಮಾಡಿದೆ. ಆರ್‌ಪಿಎಂ ಒಂದರಲ್ಲಿ 130, ಇನ್ನೊಂದರಲ್ಲಿ 160 ಇಳಿಯಿತು. ಇಳಿಯಲಿಕ್ಕೆ 300ರವರೆಗೆ ಅವಕಾಶ ಉಂಟು. ಕೊನೆಗೆ ಎಂಜಿನ್ ಮೌಂಟಿನ ರಬ್ಬರನ್ನೂ ಬದಲಿಸಿದೆ. ದುಡ್ಡು ಹೋಯಿತು, ನಡುಕ ಹೋಗಲಿಲ್ಲ. ಇನ್ನು ಗೇರ್‌ಬಾಕ್ಸ್ ಬಿಚ್ಚಬೇಕಾ?

ಮಲ್ಪೆ ಡೀಸೆಲ್:

ಮಾರಾಯ್ರೆ, ಗೇರ್‌ಬಾಕ್ಸ್ ಬಿಚ್ಚುವುದು ಕೊನೆಯ ಮಾತು. ವಿಮಾನ ನನಗೆ ಗೊತ್ತಿಲ್ಲ, ಬೋಟಿನ ಎಂಜಿನ್ ಗೊತ್ತು. ಬೋಟ್ ನಡುಗಿದರೆ ನಾವು ಮೊದಲು ಗೇರ್ ನ್ಯೂಟ್ರಲ್ ಮಾಡಿ ಎಂಜಿನ್ ಒಂದನ್ನೇ ಏರಿಸಿ ನೋಡುತ್ತೇವೆ. ನಡುಕ ನಿಂತರೆ ಫ್ಯಾನ್ (ಪ್ರೊಪೆಲ್ಲರಿಗೆ ನಾವು ಹೇಳುವುದು ಹಾಗೆ) ಅಥವಾ ಶಾಫ್ಟ್, ನಿಲ್ಲದಿದ್ದರೆ ಎಂಜಿನ್. ಅರ್ಧಕ್ಕರ್ಧ ಸಲ ಫ್ಯಾನಿಗೆ ಹರಿದ ಬಲೆ ಸುತ್ತಿಕೊಂಡಿರುತ್ತದೆ. ನಿಮ್ಮದರಲ್ಲಿ ಸೇವಂತಿಗೆ ಮಾಲೆ ಸುತ್ತಿಲ್ಲ ಅಲ್ವಾ? ಫ್ಯಾನ್ ಬಿಚ್ಚಿ ಬರೀ ಎಂಜಿನ್ ಓಡಿಸಿ ನೋಡಿ, ಹತ್ತು ನಿಮಿಷದ ಕೆಲಸ.

ಸುರತ್ಕಲ್ ಹಾಸ್ಟೆಲ್:

ದಯವಿಟ್ಟು ಪ್ರೊಪೆಲ್ಲರ್ ಬಿಚ್ಚಿ ಓಡಿಸಬೇಡಿ ಸರ್. ಈ ಎಂಜಿನ್ನಿಗೆ ನ್ಯೂಟ್ರಲ್ ಇಲ್ಲ, ಪ್ರೊಪೆಲ್ಲರೇ ಅದರ ಹೊರೆ. ಹೊರೆ ತೆಗೆದರೆ ಥ್ರಾಟಲ್ ಸ್ವಲ್ಪ ಮುಟ್ಟಿದರೂ ಆರ್‌ಪಿಎಂ ಎಲ್ಲಿಗೋ ಹಾರುತ್ತದೆ, ಎಂಜಿನ್ ಹಾಳಾಗುತ್ತದೆ.

ನಾನು ಮೆಕ್ಯಾನಿಕಲ್ ಕೊನೆಯ ವರ್ಷ, ಪ್ರಾಜೆಕ್ಟ್ ವೈಬ್ರೇಷನ್ ಮೇಲೆಯೇ. ಬಿಚ್ಚದೆ ಕಂಡುಹಿಡಿಯುವ ದಾರಿ ಇದೆ. ನಿಮ್ಮ ಗೇರ್ 2.27. ಅಂದರೆ ಎಂಜಿನ್ನಿನ ಒಳಗಿನ ಶಾಫ್ಟ್ ಆದ ಕ್ರ್ಯಾಂಕ್ 2.27 ಸುತ್ತು ತಿರುಗಿದರೆ ಪ್ರೊಪೆಲ್ಲರ್ ಒಂದು ಸುತ್ತು. 2800 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 46.7 ಸುತ್ತು, ಪ್ರೊಪೆಲ್ಲರ್ 20.6. ಯಾವುದು ತೂಕ ತಪ್ಪಿದೆಯೋ ಅದು ತನ್ನ ಲೆಕ್ಕದಲ್ಲೇ ನಡುಗಿಸುತ್ತದೆ. ಫೋನಿನಲ್ಲಿ ವೈಬ್ರೇಷನ್ ಆ್ಯಪ್ ಹಾಕಿ, ಫೋನನ್ನು ಎಂಜಿನ್ನಿಗೂ ಸೀಟಿಗೂ ನಡುವಿನ ಗೋಡೆಯಾದ ಫೈರ್‌ವಾಲ್‌ಗೆ ಟೇಪಿನಿಂದ ಬಿಗಿಯಾಗಿ ಅಂಟಿಸಿ. 30 ಸೆಕೆಂಡ್ ಒಂದೇ ಆರ್‌ಪಿಎಂನಲ್ಲಿ ಹಿಡಿದು ರೆಕಾರ್ಡ್ ಮಾಡಿ. ಸೆಕೆಂಡಿಗೆ ಎಷ್ಟು ಸಲದ ನಡುಕ ಎಷ್ಟು ಜೋರು ಅಂತ ಆ್ಯಪ್ ಗೆರೆ ಎಳೆದು ತೋರಿಸುತ್ತದೆ.

ಒಂದು ಮೋಸ ಇದೆ. ಎಡ ಬಲದ ಕಾರ್ಬ್ಯುರೇಟರ್ ಎರಡೂ ಸಮ ಇಲ್ಲದಿದ್ದರೆ 23.3ರಲ್ಲಿ ಕಾಣುತ್ತದೆ. ಯಾಕೆಂದರೆ ಒಂದೊಂದು ಸಿಲಿಂಡರ್ ಉರಿಯುವುದು ಎರಡು ಸುತ್ತಿಗೆ ಒಮ್ಮೆ. ಎಡಗಡೆಯ ಜೋಡಿ ಜೋರಾಗಿ, ಬಲಗಡೆಯದು ಸೋತು ಉರಿದರೆ ಆ ಏರುಪೇರೂ ಎರಡು ಸುತ್ತಿಗೊಮ್ಮೆ ಬರುತ್ತದೆ. 20.6 ಮತ್ತು 23.3 ಹತ್ತಿರ ಹತ್ತಿರ, ನೋಡಿ ಹೇಳಬೇಕು. ಆರ್‌ಪಿಎಂ ತೋರಿಸುವ ನಿಮ್ಮ ಟ್ಯಾಕೋಮೀಟರ್ ಸ್ವಲ್ಪ ತಪ್ಪು ತೋರಿಸಬಹುದು. ಹಾಗಾಗಿ ಮೊದಲು 46ರ ಹತ್ತಿರದ ಗೆರೆ ಹುಡುಕಿ, ಅದನ್ನು 2.27ರಿಂದ ಭಾಗಿಸಿ. 2ರಿಂದಲೂ ಭಾಗಿಸಿ. ದೊಡ್ಡ ಗೆರೆ ಯಾವುದಕ್ಕೆ ಸರಿಹೊಂದುತ್ತದೆ ನೋಡಿ.

4000ದಲ್ಲಿ ಅಳೆಯಬೇಡಿ. ಫೋನ್ ಸೆಕೆಂಡಿಗೆ 100 ಸಲ ಮಾತ್ರ ಅಳೆಯುವಂಥದ್ದಾದರೆ ಅದಕ್ಕೆ 50ರ ಕೆಳಗಿನದ್ದಷ್ಟೇ ಸರಿಯಾಗಿ ಕಾಣುವುದು. 66.7ರ ಕ್ರ್ಯಾಂಕ್ 33.3 ಅಂತ ಸುಳ್ಳು ತೋರಿಸುತ್ತದೆ.

ಕಟಪಾಡಿ ಬಸ್‌ಬಾಡಿ:

ಅಳೆದೆ. ಥ್ರಾಟಲಿನಲ್ಲಿ ನಾನು, ಬೇಲಿಯ ಹತ್ತಿರ ಯಾರೂ ಬಾರದ ಹಾಗೆ ಮಗ. ಗೆರೆಗಳು ಹೀಗೆ: 46.4ರಲ್ಲಿ ಒಂದು ಸಣ್ಣದು. 23.2ರಲ್ಲಿ ಒಂದು ಪುಟ್ಟ ಮೊಳೆ. 20.4ರಲ್ಲಿ ತೆಂಗಿನ ಮರ! 46.4ನ್ನು 2.27ರಿಂದ ಭಾಗಿಸಿದರೆ 20.44. ಪ್ರೊಪೆಲ್ಲರೇ. ಆದರೆ ಅದಕ್ಕೆ ಯಾರೂ ಕೈ ಹಚ್ಚಿಲ್ಲ, ಏನೂ ತಾಗಿಲ್ಲ. ಮೇ ತಿಂಗಳಲ್ಲಿ ಸರಿ ಇದ್ದದ್ದು ಸುಮ್ನೆ ನಿಂತಲ್ಲೇ ಹಾಳಾಗುವುದು ಹೇಗೆ?

ಮಲ್ಪೆ ಡೀಸೆಲ್:

ಬಿಚ್ಚಿ ಓಡಿಸಿ ಅಂದದ್ದು ತಪ್ಪಾಯಿತು, ವಾಪಸ್ ತೆಗೆದುಕೊಂಡೆ. ಈಗ ಎರಡು ಪ್ರಶ್ನೆ. ನಿಮ್ಮ ಫ್ಯಾನ್ ಮರದ್ದಾ? ಮಳೆಗಾಲದಲ್ಲಿ ಅದು ಹೇಗೆ ನಿಂತಿತ್ತು?

ಕೇಳಿದ್ದು ಯಾಕೆಂದರೆ ಜೂನ್ 1ರಿಂದ ಜುಲೈ 31ರವರೆಗೆ ನಮಗೆ ಮೀನುಗಾರಿಕೆ ಬಂದ್. ಆ 61 ದಿನ ದಡದಲ್ಲಿ ನಿಂತ ಬೋಟು ನೀರಿಗೆ ಇಳಿದಾಗ ಇದ್ದ ಹಾಗೆ ಇರುವುದಿಲ್ಲ. ಮರ ಸುಮ್ನೆ ನಿಲ್ಲುವ ವಸ್ತು ಅಲ್ಲ. ನಿಮ್ಮ ಮನೆಯ ಬಾಗಿಲು ಆಟಿ ತಿಂಗಳ ಮಳೆಯಲ್ಲಿ ಸರಿಯಾಗಿ ಹಾಕಲಿಕ್ಕೆ ಆಗುತ್ತದಾ?

ಕಟಪಾಡಿ ಬಸ್‌ಬಾಡಿ:

ಮರದ್ದೇ. ನಿಂತದ್ದು ನೆಟ್ಟಗೆ, ಒಂದು ಬ್ಲೇಡ್ ಮೇಲೆ, ಒಂದು ಕೆಳಗೆ. ಅಡ್ಡ ಇಟ್ಟರೆ ಶೆಡ್‌ನಲ್ಲಿ ಹೆಂಡತಿಯ ಸ್ಕೂಟರಿಗೆ ಜಾಗ ಇರಲಿಲ್ಲ. ಕೆಳಗಿನ ಬ್ಲೇಡಿನ ತುದಿ ನೆಲದಿಂದ ಒಂದು ಅಡಿ. ಮುರಕಲ್ಲಿನ ಗೋಡೆ, ಮಣ್ಣಿನ ನೆಲ. ಜುಲೈನಲ್ಲಿ ಆ ನೆಲ ಬೆವರುತ್ತದೆ.

ಕುಂದಾಪ್ರದವ, ಜಕ್ಕೂರು:

ಅಣ್ಣ, ಸಿಕ್ಕಿತಲ್ಲ ಕಳ್ಳ. ನಾನು ಬೆಂಗಳೂರಿನ ಜಕ್ಕೂರಿನಲ್ಲಿ ಮೈಕ್ರೋಲೈಟ್ ಎಂಬ ಹಗುರ ವಿಮಾನಗಳ ಕೆಲಸ ಮಾಡುವವನು. ಮರದ ಪ್ರೊಪೆಲ್ಲರನ್ನು ಯಾವತ್ತೂ ಅಡ್ಡ ನಿಲ್ಲಿಸಬೇಕು. ನೆಟ್ಟಗೆ ನಿಂತರೆ ತೇವ ಕೆಳಗಿನ ಬ್ಲೇಡಿಗೆ ಸೇರಿ ಆ ಕಡೆ ಭಾರ ಆಗುತ್ತದೆ. ಇಲ್ಲಿಯ ಒಣ ಹವೆಯಲ್ಲೇ ನಾವು ಅದನ್ನು ಮಾಡುವುದಿಲ್ಲ, ನಿಮ್ಮದು ಉಡುಪಿಯ ಮಳೆ.

ಸ್ಯಾಂಡ್‌ಪೇಪರ್ ಮಾತ್ರ ಮುಟ್ಟಬೇಡಿ. ಇವತ್ತು ಭಾರದ ಕಡೆ ಉಜ್ಜಿ ಸಮ ಮಾಡಿದರೆ, ನಾಡಿದ್ದು ಮರ ಒಣಗಿದಾಗ ಇನ್ನೊಂದು ಕಡೆ ಭಾರ ಆಗುತ್ತದೆ. ಆಗ ಅಳುವುದು ಯಾರು?

ಬಿಚ್ಚುವ ಮೊದಲು ಬ್ಲೇಡುಗಳ ಓಟ ನೋಡಿ. ಇಗ್ನಿಷನ್ ಎರಡೂ ಆಫ್, ಮೇಲಿನ ನಾಲ್ಕು ಪ್ಲಗ್ ಹೊರಗೆ. ಸ್ವಿಚ್ ಆಫ್ ಇದೆ ಅಂತ ನಂಬಿ ಕೈ ಹಾಕಬೇಡಿ, ಅರ್ಥ್ ವೈರ್ ಕಿತ್ತಿದ್ದರೆ ಸ್ವಿಚ್ ಆಫ್ ಇದ್ದರೂ ಎಂಜಿನ್ ಹಾರಿಕೊಳ್ಳಬಹುದು. ತಿರುಗುವ ದಿಕ್ಕಿನಲ್ಲೇ ತಿರುಗಿಸಿ, ಹಿಂದಕ್ಕೆ ಬೇಡ. ತುದಿಯ ಹತ್ತಿರ ಒಂದು ಕೋಲು ನೆಟ್ಟು, ಎರಡೂ ತುದಿ ಒಂದೇ ಜಾಗದಲ್ಲಿ ಹಾದು ಹೋಗುತ್ತವಾ ನೋಡಿ. 3 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬೇಡ.

ಆಮೇಲೆ ಬೋಲ್ಟ್. ನನಗೆ ನಿಜವಾದ ಹೆದರಿಕೆ ಅದರದ್ದೇ. ಮಳೆಗಾಲದಲ್ಲಿ ಮರ ಉಬ್ಬಿ ಬೋಲ್ಟಿನ ಪ್ಲೇಟಿನ ಅಡಿ ಜಜ್ಜಿಹೋಗುತ್ತದೆ. ಒಣಗಿದಾಗ ಕುಗ್ಗಿ ಸಡಿಲ ಆಗುತ್ತದೆ. ಎಂಜಿನ್ನಿನ ಬಲ ಪ್ರೊಪೆಲ್ಲರಿಗೆ ದಾಟುವುದು ಬೋಲ್ಟಿನ ಕಡ್ಡಿಯಿಂದ ಅಲ್ಲ, ಪ್ರೊಪೆಲ್ಲರ್ ಕೂರುವ ಹಬ್ಬಿಗೂ (hub) ಮರಕ್ಕೂ ಇರುವ ಬಿಗಿ ಹಿಡಿತದಿಂದ. ಹಿಡಿತ ತಪ್ಪಿದರೆ ಮರ ಉಜ್ಜಿ ಸುಡುತ್ತದೆ, ಬೋಲ್ಟ್ ತುಂಡಾಗುತ್ತದೆ. ಬಿಚ್ಚುವಾಗ ಬಿಗಿ ಅಳೆಯುವ ಟಾರ್ಕ್ ರೆಂಚಿನಲ್ಲಿ ಒಂದೊಂದನ್ನೂ ಪರೀಕ್ಷೆ ಮಾಡಿ. ಪ್ರೊಪೆಲ್ಲರ್ ಮಾಡಿದವರು ಕೊಟ್ಟ ಅಂಕಿಯೇ ಲೆಕ್ಕ, ಬಸ್ಸಿನ ಅಂದಾಜು ಬೇಡ. ಹಬ್ಬಿಗೆ ತಾಗುವ ಮುಖ ಕಪ್ಪಾಗಿದ್ದರೆ ಆ ಪ್ರೊಪೆಲ್ಲರನ್ನು ಮತ್ತೆ ಹಾಕಲೇಬೇಡಿ.

ಕಟಪಾಡಿ ಬಸ್‌ಬಾಡಿ:

ಒಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ.

ಓಟದ ವ್ಯತ್ಯಾಸ 1 ಮಿಲಿಮೀಟರ್, ಅದು ಸರಿ. ಆರು ಬೋಲ್ಟಿನಲ್ಲಿ ಎರಡು, ಅಂಕಿ ಮುಟ್ಟುವ ಮೊದಲೇ ಕಾಲು ಸುತ್ತು ತಿರುಗಿದವು. ಅದು ನೋಡಿ ಸ್ವಲ್ಪ ಹೊತ್ತು ಸ್ಟೂಲಿನ ಮೇಲೆ ಕೂತೆ. 4000ಕ್ಕೆ ಏರಿಸಿದ್ದೆನಲ್ಲ. ಹಬ್ಬಿಗೆ ತಾಗುವ ಮುಖ ಕಪ್ಪಾಗಿರಲಿಲ್ಲ, ದೇವರು ದೊಡ್ಡವನು.

ನಡುವಿನ ತೂತಿಗೆ ಸರಿಯಾಗಿ ಕೂರುವ ಬುಷ್ ಲೇತಿನಲ್ಲಿ ಕಡೆಸಿ, ರಾಡ್ ಹಾಕಿ, ಎರಡು ಕಬ್ಬಿಣದ ಅಂಚಿನ ಮೇಲೆ ಇಟ್ಟೆ. ಗಾಳಿ ತಾಗದ ಹಾಗೆ ಕಿಟಕಿ ಮುಚ್ಚಿ, ಮನೆಯ ಕರೆಂಟ್ ಫ್ಯಾನ್ ಆಫ್. ಕೈ ಬಿಟ್ಟ ಕೂಡಲೇ ಕೆಳಗೆ ನಿಂತಿದ್ದ ಅದೇ ಬ್ಲೇಡ್ ಕೆಳಗೆ ಹೋಯಿತು. ಎಷ್ಟು ಸಲ ಮಾಡಿದರೂ ಅದೇ. ಸಮ ಆಗಲಿಕ್ಕೆ ಇನ್ನೊಂದರ ತುದಿಗೆ 11 ಗ್ರಾಂ ಆಟದ ಮಣ್ಣು ಬೇಕಾಯಿತು.

ಚಾವಡಿಯ ಗೋಡೆಗೆ ಎರಡು ಗೂಟ ಹೊಡೆದು ಅಡ್ಡ ಇಟ್ಟೆ. ಬಂದವರೆಲ್ಲ ಇದೆಂತ ದೊಡ್ಡ ದೋಣಿಯ ಹುಟ್ಟು ಅಂತ ಕೇಳಿದರು. ಮೂರು ವಾರದ ಮೇಲೆ ತೂಗಿದರೆ ವ್ಯತ್ಯಾಸ 4 ಗ್ರಾಂ. ಇನ್ನೂ ಒಂದು ವಾರ ಬಿಟ್ಟರೂ 4ರಲ್ಲೇ ನಿಂತಿತು. ಹಗುರದ ಬ್ಲೇಡಿನ ತುದಿಗೆ ಮೂರು ಕೋಟ್ ವಾರ್ನಿಶ್ ಕೊಟ್ಟು ಸಮ ಮಾಡಿದೆ. ನಡುವಿನ ತೂತಿನ ಒಳಗೆ ಬರೀ ಮರ ಕಾಣುತ್ತಿತ್ತು, ತೇವ ಅಲ್ಲಿಂದಲೂ ನುಗ್ಗಿರಬೇಕು. ಅಲ್ಲಿಗೂ ಬಳಿದೆ.

ಹಾಕಿ, ಟಾರ್ಕ್ ಕೊಟ್ಟು, ಒಂದು ಗಂಟೆ ಓಡಿಸಿ ಮತ್ತೆ ನೋಡಿದರೆ ಬೋಲ್ಟುಗಳು ಒಂದು ಚೂರು ತಿರುಗಿದವು. ಮತ್ತೆ ಬಿಗಿದೆ. ಫೋನಿನಲ್ಲಿ 20.4ರ ತೆಂಗಿನ ಮರ ಈಗ ಮೆಣಸಿನ ಗಿಡದಷ್ಟು. ಸೀಟಿನ ಮೇಲೆ ಚಹಾ ಇಟ್ಟು 3500ಕ್ಕೆ ಏರಿಸಿದೆ, ತುಳುಕಲಿಲ್ಲ.

23.2ರ ಮೊಳೆ ಮಾತ್ರ ಇದ್ದಲ್ಲೇ ಉಂಟು. ಭಾನುವಾರ ಎರಡು ವ್ಯಾಕ್ಯೂಮ್ ಗೇಜ್ ಹಾಕಿ ಕಾರ್ಬ್ಯುರೇಟರ್ ಸಮ ಮಾಡುವುದು. ಮಲ್ಪೆಯವರು ಬಿಡುವಿದ್ದರೆ ಬನ್ನಿ, ಗೇಜ್ ನೋಡಲಿಕ್ಕೆ ಇನ್ನೊಬ್ಬರು ಬೇಕು. ಸ್ಕೂಟರ್ ಹಲಸಿನ ಮರದ ಅಡಿ ಹೊರಗೆ ನಿಂತಿರುವ ಮನೆ, ಗುರುತು ಸಿಗುತ್ತದೆ.