ಮಗಳಿಗೆ ಲೈಫ್ ಕೋಚ್ ಬೇಕಾ ಎಂದು ಕೇಳಿದ ತಂಗಿಗೆ

ನಿನ್ನೆ ರಾತ್ರಿ, ಇಲ್ಲಿ ಅಮೆರಿಕದಲ್ಲೇ ಇರುವ ವಿಜಯಪುರದ ತಂಗಿಯೊಬ್ಬರು ನಮ್ಮ ಕನ್ನಡ ಗುಂಪಿನಲ್ಲಿ ಕೇಳಿದ ಪ್ರಶ್ನೆ ಓದಿದೆ. ಮಗಳಿಗೆ ಹದಿಮೂರು ವರ್ಷ. ಇತ್ತೀಚೆಗೆ ಮಾತು ಕಡಿಮೆ ಮಾಡಿದ್ದಾಳೆ. ಪರಿಚಯದವರೊಬ್ಬರು ಮಕ್ಕಳ ಲೈಫ್ ಕೋಚ್ ಹತ್ತಿರ, ಅಂದರೆ ಬದುಕಿಗೆ ಮಾರ್ಗದರ್ಶನ ಕೊಡುತ್ತೇವೆ ಅನ್ನುವವರ ಹತ್ತಿರ, ಕಳಿಸಿ ಅಂದಿದ್ದಾರೆ. ಮೂರು ತಿಂಗಳ ಪ್ಯಾಕೇಜ್, ದುಡ್ಡು ಮೊದಲೇ ಕಟ್ಟಬೇಕು. ಕಳಿಸಲಾ ಬೇಡವಾ ಅಂತ ಕೇಳಿದ್ದಾರೆ. ಅದರ ಕೆಳಗೇ ಇನ್ನೊಬ್ಬರು "ನನ್ನ ಮೆಂಟರ್ ಜೊತೆ ಒಮ್ಮೆ ಮಾತಾಡಿ, ಮನೆಯಿಂದಲೇ ಆದಾಯ ಬರುತ್ತೆ, ಮಕ್ಕಳಿಗೆ ಸಮಯ ಕೊಡಬಹುದು" ಅಂತ ಬರೆದಿದ್ದಾರೆ. ಇದು ಜನರನ್ನು ಸೇರಿಸಿ ಕಮಿಷನ್ ಪಡೆಯುವ ನೆಟ್‌ವರ್ಕ್ ಮಾರ್ಕೆಟಿಂಗ್‌ನವರ ಮಾತು. ಅದನ್ನು ನೋಡಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ನಾನು ಬಾಗಲಕೋಟೆ ನವನಗರದವಳು. ಡಲ್ಲಾಸ್ ಹತ್ತಿರ ಬಂದು ಹನ್ನೊಂದು ವರ್ಷ ಆಯಿತು. ಬಂದಾಗ ಮಗಳಿಗೆ ಮೂರು ವರ್ಷ. ಗಂಡ ಬೆಳಿಗ್ಗೆ ಹೋದರೆ ರಾತ್ರಿಯೇ ಬರುತ್ತಿದ್ದರು. ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕನ್ನಡ ಮಾತಾಡಲು ಮಗಳು ಬಿಟ್ಟರೆ ಫೋನು, ಅಷ್ಟೇ.

ಒಂದು ಭಾನುವಾರ ಅಂಗಡಿಯಲ್ಲಿ ಮಗಳಿಗೆ ಏನೋ ಬೈಯುತ್ತಿದ್ದೆ. ಹಿಂದಿನಿಂದ ಒಂದು ದನಿ: "ನಮ್ಮ ಕಡೆಯವರೇನ್ರೀ?" ಬಾಗಲಕೋಟೆ ಅಂದೆ. "ಅಯ್ಯ, ನಮ್ಮ ತವರುಮನಿ ಮುಧೋಳರೀ!" ಅಂದು ಆಕೆ ನನ್ನ ಕೈ ಹಿಡಿದುಕೊಂಡರು. ಆ ರಾತ್ರಿ ನಾನು ಖುಷಿಗೆ ಅತ್ತಿದ್ದೇನೆ. ಎರಡು ವಾರ ದಿನಾ ಫೋನ್ ಮಾಡಿದರು. ಒಂದು ಡಬ್ಬಿ ಶೇಂಗಾ ಚಟ್ನಿ ತಂದುಕೊಟ್ಟರು. ಮೂರನೇ ವಾರ, "ನಮ್ಮ ಮೆಂಟರ್ ಒಬ್ಬರು ಅದಾರ, ಒಂದ್ಸಲ ಬಂದು ಕೇಳ್ರಿ" ಅಂದರು. ಏನು ವಿಷಯ ಅಂದರೆ, "ಫೋನಿನ್ಯಾಗ ಹೇಳಾಕ ಬರೂದಿಲ್ರಿ."

ಹೋಟೆಲಿನ ಹಾಲ್. ನೂರಾರು ಜನ, ಮುಕ್ಕಾಲುಪಾಲು ನಮ್ಮ ದೇಶದವರೇ. ಬೋರ್ಡಿನ ಮೇಲೆ ವೃತ್ತಗಳು. ನಡುವೆ ನೀವು, ಕೆಳಗೆ ನೀವು ಸೇರಿಸಿದವರು, ಅವರ ಕೆಳಗೆ ಅವರು ಸೇರಿಸಿದವರು. ಮೂವತ್ತೈದಕ್ಕೇ ಕೆಲಸ ಬಿಟ್ಟೆವು ಅಂದ ದಂಪತಿಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾವು ಸೇರಲಿಲ್ಲ, ನನ್ನ ಗಂಡ ವೀಸಾ ವಿಷಯಕ್ಕೆ ಹೆದರಿದರು. ಮರುದಿನದಿಂದ ಆಕೆಯ ಫೋನ್ ನಿಂತುಹೋಯಿತು. ಒಂದು ತಿಂಗಳ ಮೇಲೆ ಅದೇ ಅಂಗಡಿಯಲ್ಲಿ ಕಂಡರು. ನೋಡಿಯೂ ಪಕ್ಕದ ಸಾಲಿಗೆ ತಿರುಗಿಕೊಂಡು ಹೋದರು. ನಮ್ಮದು ಒಂದು ಡಾಲರೂ ಹೋಗಲಿಲ್ಲ. ಆದರೆ ಆಮೇಲೆ ಎರಡು ವರ್ಷ ಯಾರಾದರೂ ಕನ್ನಡದಲ್ಲಿ ಮಾತಾಡಿಸಿದರೆ, ಇವರಿಗೆ ನನ್ನಿಂದ ಏನು ಬೇಕಾಗಿದೆ ಅಂತಲೇ ಮೊದಲು ಅನಿಸುತ್ತಿತ್ತು.

ವೀಸಾ ಮಾತು ಬಂತಲ್ಲ, ಹೊಸಬರು ಇದನ್ನು ದಯವಿಟ್ಟು ಗಮನಿಸಿ. ಎಚ್-1ಬಿ ಅಂದರೆ ಕೆಲಸದ ವೀಸಾ ಇರುವವರು ತಮ್ಮ ಪರವಾಗಿ ಅರ್ಜಿ ಹಾಕಿದ ಕಂಪನಿಗೆ ಮಾತ್ರ ಕೆಲಸ ಮಾಡಬಹುದು. ಅವರ ಜೊತೆ ಬಂದ ಗಂಡ ಅಥವಾ ಹೆಂಡತಿ, ಅಂದರೆ ಎಚ್-4 ವೀಸಾ ಇದ್ದವರು, ಕೆಲಸದ ಪರವಾನಗಿ ಇಲ್ಲದೆ ಯಾವ ಕೆಲಸವೂ ಮಾಡುವಂತಿಲ್ಲ. ಸಾಮಾನು ಮಾರಿ, ಜನರನ್ನು ಸೇರಿಸಿ ಕಮಿಷನ್ ತೆಗೆದುಕೊಳ್ಳುವುದೂ ಕೆಲಸವೇ. "ಇದು ಕೆಲಸ ಅಲ್ಲ, ಬಿಸಿನೆಸ್" ಅಂತ ಯಾರಾದರೂ ಹೇಳಿದರೆ ಅವರ ಮಾತು ನಂಬಬೇಡಿ, ವಲಸೆ ವಕೀಲರನ್ನು ಕೇಳಿ. ನಾಳೆ ಗ್ರೀನ್ ಕಾರ್ಡ್ ಅರ್ಜಿಗೆ ತೊಂದರೆ ಆದರೆ ಮೆಂಟರ್ ನಿಮ್ಮ ಜೊತೆ ಬರುವುದಿಲ್ಲ.

ಇನ್ನು ಊರಿನ ಕಥೆ. ನನಗೆ ಹೆಚ್ಚು ನೋವು ಕೊಟ್ಟದ್ದು ಇದೇ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದು ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಡೆ ಆದವು. ನಮ್ಮ ಓಣಿಯ ಜನ ನವನಗರದ ಬೇರೆ ಬೇರೆ ಸೆಕ್ಟರ್‌ಗಳಿಗೆ ಹಂಚಿಹೋದರು. ಗೋಡೆಗೆ ಗೋಡೆ ಅಂಟಿಕೊಂಡಿದ್ದ ಮನೆಯವರು ಆಟೋ ಮಾಡಿಕೊಂಡು ಹೋಗಿ ಮಾತಾಡಿಸಬೇಕಾಯಿತು. ಆಗ ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಹಳೆ ಓಣಿಯ ಹನ್ನೆರಡು ಹೆಂಗಸರನ್ನು ಸೇರಿಸಿ ಭಿಶಿ ಶುರು ಮಾಡಿದರು. ಎಲ್ಲರೂ ತಿಂಗಳಿಗೆ ಇಷ್ಟು ಅಂತ ಹಾಕಿ, ಸರದಿಯಂತೆ ಒಬ್ಬರಿಗೆ ಕೊಡುವ ಚೀಟಿ ಅದು. ತಿಂಗಳಿಗೆ ಒಬ್ಬರ ಮನೆಯಲ್ಲಿ. ಮೊದಲು ಐನೂರು ಇತ್ತು, ಕೊನೆಕೊನೆಗೆ ಎರಡು ಸಾವಿರ. ರೊಕ್ಕ ನೆಪ ಅಷ್ಟೇ. ಚುರುಮುರಿ, ಚಹಾ, ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮನೆ ಮುಂದೆ ನೀರು ಬರುತ್ತಿಲ್ಲ, ಎಲ್ಲಾ ಅಲ್ಲೇ.

ಕಾಕಾ ತೀರಿಕೊಂಡ ಮೇಲೆ ಕಾಕು ಒಬ್ಬರೇ ಆದರು. ಅದೇ ವರ್ಷ ಪರಿಚಯದವರೊಬ್ಬರು ಅವರನ್ನು ಒಂದು ಮೀಟಿಂಗಿಗೆ ಕರೆದುಕೊಂಡು ಹೋದರು. ಪುಡಿ ಡಬ್ಬಿಗಳು. ಶುಗರ್ ಇಳಿಯುತ್ತದೆ, ಮಂಡಿ ನೋವು ಹೋಗುತ್ತದೆ ಅಂತ ಹೇಳಿಕೊಟ್ಟರು. ಮುಳುಗಡೆ ಪರಿಹಾರದಲ್ಲಿ ಉಳಿದಿದ್ದ ರೊಕ್ಕದಲ್ಲಿ ಕಾಕು ಮಾಲು ತಂದರು. ಯಾರಿಗೆ ಮಾರಬೇಕು? ಭಿಶಿಯವರಿಗೇ. ಮೊದಲು ಎಲ್ಲರೂ ಮುಲಾಜಿಗೆ ಒಂದೊಂದು ಡಬ್ಬಿ ತಗೊಂಡರು. ಎರಡನೇ ತಿಂಗಳು ನಾಲ್ಕು ಜನ. ಆಮೇಲೆ "ನೀನೂ ಸೇರು, ನಿನ್ನ ಕೆಳಗ ಇಬ್ಬರನ್ನ ಹಾಕು" ಅಂತ ಶುರುವಾಯಿತು. ಒಬ್ಬಾಕೆ ಶುಗರ್ ಗುಳಿಗೆ ಬಿಟ್ಟು ಪುಡಿ ಕುಡಿದು ಆಸ್ಪತ್ರೆ ಸೇರಿದಳು. ಅಲ್ಲಿಗೆ ಭಿಶಿ ಮುಗಿಯಿತು. ಓಣಿ ಮುಳುಗಿದರೂ ಮುರಿಯದ ನಂಟು ಅದು.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಕಾಕು ಮಂಚದ ಕೆಳಗಿನ ಡಬ್ಬಿಗಳನ್ನು ತೋರಿಸಿದರು. ತಾರೀಖು ಮುಗಿದಿದ್ದವು. "ರೊಕ್ಕ ಹೋದ್ರ ಹೋಗ್ಲಿ ಬಾಳಾ, ಈಗ ಯಾರೂ ಮನಿಗೆ ಬರೂದಿಲ್ಲ" ಅಂದರು. ಕಾಕು ಯಾರಿಗೂ ಮೋಸ ಮಾಡಬೇಕು ಅಂತ ಮಾಡಿದವರಲ್ಲ. ಆ ಪುಡಿಯನ್ನು ಅವರೇ ದಿನಾ ಕುಡಿಯುತ್ತಿದ್ದರು.

ಗುಂಪಿನಲ್ಲಿ ಒಬ್ಬ ಅಣ್ಣ ಕೇಳಿದ್ದಾರೆ, ಭಿಶಿಗೂ ಜನ ಬೇಕಲ್ವಾ, ಅದಕ್ಕೂ ನೆಟ್‌ವರ್ಕ್ ಮಾರ್ಕೆಟಿಂಗಿಗೂ ಏನು ವ್ಯತ್ಯಾಸ ಅಂತ. ಅಣ್ಣಾರ, ಲೆಕ್ಕ ಹಾಕಿ ನೋಡಿ. ಹನ್ನೆರಡು ಜನ, ತಿಂಗಳಿಗೆ 2,000. ಪ್ರತಿ ತಿಂಗಳು ಒಬ್ಬರಿಗೆ 24,000. ವರ್ಷ ತುಂಬಿದಾಗ ಪ್ರತಿಯೊಬ್ಬರೂ ಕೊಟ್ಟಷ್ಟು ಪಡೆದಿರುತ್ತಾರೆ. ಹದಿಮೂರನೆಯವರು ಬರಬೇಕಾಗಿಯೇ ಇಲ್ಲ. ನೆಟ್‌ವರ್ಕ್ ಮಾರ್ಕೆಟಿಂಗ್‌ನಲ್ಲಿ ನೀವು ಆರು ಜನರನ್ನು ಸೇರಿಸಬೇಕು ಅಂದುಕೊಳ್ಳಿ, ಅವರು ತಲಾ ಆರು. 6, 36, 216, 1,296, ಹೀಗೆ ಹೋಗುತ್ತದೆ. ಎಂಟನೇ ಮೆಟ್ಟಿಲಿಗೆ ಒಟ್ಟು 20 ಲಕ್ಷ ದಾಟುತ್ತದೆ. 2011ರ ಜನಗಣತಿಯಲ್ಲಿ ಇಡೀ ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ ಸುಮಾರು 18.9 ಲಕ್ಷ, ತೊಟ್ಟಿಲ ಕೂಸು ಸೇರಿ. ಹತ್ತನೇ ಮೆಟ್ಟಿಲು ಒಂದಕ್ಕೇ 6 ಕೋಟಿ ಜನ ಬೇಕು. ಅಂದರೆ ಹೆಚ್ಚುಕಡಿಮೆ ಇಡೀ ಕರ್ನಾಟಕ. ಕೊನೆಗೆ ಸೇರಿದವರೇ ಎಲ್ಲರಿಗಿಂತ ಜಾಸ್ತಿ ಜನ, ಅವರ ಕೆಳಗೆ ಸೇರಲು ಯಾರೂ ಉಳಿದಿರುವುದಿಲ್ಲ. ಎಷ್ಟು ಶ್ರಮಪಟ್ಟರೂ ಈ ಲೆಕ್ಕ ಬದಲಾಗುವುದಿಲ್ಲ. ಆದರೆ ಸೋತವರಿಗೆ ಹೇಳುವುದೇನು? "ನಿಮ್ಮ ಮನಸ್ಥಿತಿ ಸರಿ ಇರಲಿಲ್ಲ." ಈ ಮಾತು ನನಗೆ ಸಹಿಸಲು ಆಗುವುದಿಲ್ಲ.

ಗ್ರಾಹಕರ ಹಿತ ಕಾಯುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಸಿಬ್ಬಂದಿ 2024ರಲ್ಲಿ ಇಂಥ 70 ಕಂಪನಿಗಳು ತಾವೇ ಪ್ರಕಟಿಸಿದ ಆದಾಯದ ಪಟ್ಟಿಗಳನ್ನು ನೋಡಿದರು. ಹೆಚ್ಚಿನವರಿಗೆ ಸಿಕ್ಕಿದ್ದು ವರ್ಷಕ್ಕೆ 1,000 ಡಾಲರ್ ಅಥವಾ ಅದಕ್ಕೂ ಕಡಿಮೆ. ಕಡೇ ಪಕ್ಷ 17 ಕಂಪನಿಗಳಲ್ಲಿ ಹೆಚ್ಚಿನವರಿಗೆ ಏನೂ ಸಿಕ್ಕಿಲ್ಲ. ಅವರು ಮಾಲಿಗೆ, ಮೀಟಿಂಗಿಗೆ ಹಾಕಿದ ಖರ್ಚನ್ನು ಇದರಲ್ಲಿ ಕಳೆದೂ ಇಲ್ಲ. ಊರಿನಲ್ಲಿರುವ ನಿಮ್ಮ ಅಪ್ಪ ಅಮ್ಮನಿಗೂ ಹೇಳಿ: ಭಾರತದಲ್ಲಿ 1978ರಿಂದಲೇ, ಹೊಸಬರನ್ನು ಸೇರಿಸಿ ಹಣ ಮಾಡುವ 'ಹಣ ಸುತ್ತಿಸುವ' ಸ್ಕೀಮ್‌ಗಳಿಗೆ ನಿಷೇಧ ಇದೆ. 2021ರ ನೇರ ಮಾರಾಟ ನಿಯಮಗಳ ಪ್ರಕಾರ ಸೇರುವುದಕ್ಕೇ ಅಂತ ಶುಲ್ಕ ಕೇಳುವಂತಿಲ್ಲ. ಅನುಮಾನ ಬಂದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಈಗ ಕೋಚ್ ವಿಷಯ. ತಂಗಿ, ನಿಮ್ಮ ಪ್ರಶ್ನೆಗೆ ಬರುತ್ತೇನೆ.

ಎರಡು ವರ್ಷದ ಹಿಂದೆ ನನ್ನ ಮಗಳೂ ಹೀಗೇ ಆಗಿದ್ದಳು. ಶಾಲೆಯಿಂದ ಬಂದರೆ ಮಲಗುವುದು, ಡ್ಯಾನ್ಸ್ ಕ್ಲಾಸ್ ಬೇಡ ಅನ್ನುವುದು. ನಾನು ಹೆದರಿ ಒಬ್ಬ ಕೋಚ್ ಹತ್ತಿರ ಸೇರಿಸಿದೆ. ಕನ್ನಡದವರೇ, ಚೆನ್ನಾಗಿ ಮಾತಾಡುತ್ತಿದ್ದರು. ಆರು ವಾರ. ದಿನಾ ಒಂದು ಪುಸ್ತಕದಲ್ಲಿ ತನ್ನ ನೆಗೆಟಿವ್ ಯೋಚನೆಗಳನ್ನು ಬರೆಯಬೇಕು, ಆಮೇಲೆ ಹೊಡೆದುಹಾಕಬೇಕು. ನಾಲ್ಕನೇ ವಾರ ಮಗಳು ಕೇಳಿದಳು: "ಅಮ್ಮಾ, ನನ್ನ ಯೋಚನೆ ಕೆಟ್ಟದ್ದು ಅಂತನೇ ನನಗೆ ಸುಸ್ತಾಗ್ತಿದೆಯಾ?" ನನಗೆ ಎದೆ ಧಸಕ್ಕೆಂದಿತು. ಮಕ್ಕಳ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆಯಲ್ಲಿ ಕಬ್ಬಿಣದ ಅಂಶ ತುಂಬಾ ಕಡಿಮೆ ಅಂತ ಬಂತು. ಜೊತೆಗೆ ಊಟದ ಹೊತ್ತಿನಲ್ಲಿ ಗೆಳತಿಯರು ಅವಳನ್ನು ಬಿಟ್ಟು ಕೂರುತ್ತಿದ್ದರು. ಅದನ್ನು ಅವಳು ಹೇಳಿಕೊಂಡಿದ್ದು ಶಾಲೆಯ ಕೌನ್ಸೆಲರ್ ಹತ್ತಿರ, ಒಂದು ಪೈಸೆ ಖರ್ಚಿಲ್ಲದೆ.

ಕೊನೆಯ ವಾರ ಕೋಚ್ ನನಗೇ ಫೋನ್ ಮಾಡಿದರು. "ನೀವು ಚೆನ್ನಾಗಿ ಮಾತಾಡ್ತೀರಿ, ನೀವೇ ಕೋಚ್ ಆಗಬಹುದು." ಅವರದೇ ತರಬೇತಿ. ಇನ್ನಿಬ್ಬರನ್ನು ಕರೆತಂದರೆ ಫೀ ಕಡಿಮೆ. ನನಗೆ ಆ ಹೋಟೆಲಿನ ಹಾಲ್, ಬೋರ್ಡಿನ ವೃತ್ತಗಳು ಕಣ್ಣಿಗೆ ಬಂದವು.

ಎಲ್ಲಾ ಕೋಚ್‌ಗಳೂ ಹೀಗೆ ಅಂತ ನಾನು ಹೇಳುತ್ತಿಲ್ಲ. ಆಫೀಸಿನ ಕೆಲಸಕ್ಕೆ, ಒಂದು ಗುರಿ ಇಟ್ಟುಕೊಂಡ ದೊಡ್ಡವರಿಗೆ ಒಳ್ಳೆಯ ಕೋಚ್ ಸಹಾಯ ಮಾಡಬಹುದು. ಆದರೆ ಇದು ತಿಳಿದಿರಲಿ. ಇಲ್ಲಿ ಸೈಕಾಲಜಿಸ್ಟ್ ಆಗಲು ರಾಜ್ಯದ ಲೈಸೆನ್ಸ್ ಬೇಕು. ಲೈಫ್ ಕೋಚ್ ಅಂತ ಬೋರ್ಡ್ ಹಾಕಿಕೊಳ್ಳಲು ಏನೂ ಬೇಡ. ಅವರಲ್ಲಿ ಹೆಚ್ಚು ಹೆಸರಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಕೂಡ 1995ರಲ್ಲಿ ಶುರುವಾದ ಖಾಸಗಿ ಸಂಸ್ಥೆ. ಅದರ ಮೊದಲ ಹಂತದ ಪ್ರಮಾಣಪತ್ರಕ್ಕೆ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ, ಜೊತೆಗೆ ಹಿರಿಯ ಕೋಚ್ ಮಾರ್ಗದರ್ಶನ, ಒಂದು ಪರೀಕ್ಷೆ, ಅಷ್ಟೇ. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವವರು ವರ್ಷಗಟ್ಟಲೆ ಓದಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಆರ್‌ಸಿಐ) ನೋಂದಾಯಿಸಿಕೊಳ್ಳಬೇಕು. ಮಗುವಿನ ಮೌನದ ಹಿಂದೆ ಖಿನ್ನತೆ ಇದೆಯಾ, ರಕ್ತಹೀನತೆ ಇದೆಯಾ, ಶಾಲೆಯಲ್ಲಿ ಯಾರಾದರೂ ಕಾಡುತ್ತಿದ್ದಾರಾ ಅಂತ ಗುರುತಿಸಲು ಆ ಓದು ಬೇಕಲ್ವಾ?

ಕೋಚ್ ಅಂದರೆ ಈಗಿನ ಕಾಲದ ಗುರು ಅಂತ ಒಬ್ಬರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಸಿದ್ಧೇಶ್ವರ ಸ್ವಾಮೀಜಿಯವರ ಬೆಳಗಿನ ಪ್ರವಚನಕ್ಕೆ ಹೋಗುತ್ತಿದ್ದರು. ಸಾವಿರಾರು ಜನ, ಸೂಜಿ ಬಿದ್ದರೂ ಕೇಳುವಷ್ಟು ಶಾಂತ. ಟಿಕೆಟ್ ಇಲ್ಲ, ಮುಂದಿನ ಸಾಲಿಗೆ ಬೇರೆ ದರ ಇಲ್ಲ. ಅವರ ಬಿಳಿ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದರೂ ಬೇಡ ಅಂದರು. ಅವರು ಯಾವತ್ತೂ ನಮ್ಮಪ್ಪನಿಗೆ ನಾಳೆ ಆರು ಜನರನ್ನು ಕರೆದುಕೊಂಡು ಬಾ ಅನ್ನಲಿಲ್ಲ. ಅಪ್ಪ ತಾವಾಗಿಯೇ ಓಣಿಯವರನ್ನೆಲ್ಲ ಎಬ್ಬಿಸಿಕೊಂಡು ಹೋಗುತ್ತಿದ್ದರು.

ತಂಗಿ, ಪ್ಯಾಕೇಜಿಗೆ ದುಡ್ಡು ಕಟ್ಟಬೇಡಿ. ಸೋಮವಾರ ಮೊದಲು ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ. ಹನ್ನೆರಡು ದಾಟಿದ ಮಕ್ಕಳಿಗೆ ವರ್ಷಕ್ಕೊಮ್ಮೆ ಖಿನ್ನತೆಯ ತಪಾಸಣೆ ಮಾಡಬೇಕು ಅಂತ ಇಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳುತ್ತದೆ, ಕೇಳಲು ಸಂಕೋಚ ಬೇಡ. ಶಾಲೆಯ ಕೌನ್ಸೆಲರಿಗೆ ಒಂದು ಮೇಲ್ ಹಾಕಿ. ತನಗೇನಾದರೂ ಮಾಡಿಕೊಳ್ಳುತ್ತೇನೆ ಎಂಬಂಥ ಮಾತು ಬಂದರೆ ಮಾತ್ರ ಸೋಮವಾರದವರೆಗೆ ಕಾಯಬೇಡಿ, ತಕ್ಷಣ ಇಲ್ಲಿನ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಫೋನ್ ಮಾಡಿ. ಊರಿನಲ್ಲಿ ಯಾರಿಗಾದರೂ ಇಂಥ ಸಹಾಯ ಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಗುಂಪು ನಡೆಸುವವರಲ್ಲಿ ಒಂದು ಬೇಡಿಕೆ. ಆದಾಯ, ಮೆಂಟರ್, ತರಬೇತಿ ಅಂತ ಇಲ್ಲಿ ಬರೆಯುವವರು ಏನು ಮಾರುತ್ತಿದ್ದೇವೆ, ಎಷ್ಟು ದುಡ್ಡು ಅಂತ ಎಲ್ಲರೆದುರೇ ಬರೆಯಬೇಕು ಅಂತ ನಿಯಮ ಮಾಡಿ. ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ಯಾರೂ ಖಾಸಗಿಯಾಗಿ ಈ ವಿಷಯದ ಮೆಸೇಜ್ ಕಳಿಸಬಾರದು.

ತಂಗಿ, ನಿಮ್ಮ ಹೆಸರು ಹೇಳದೆ ನನ್ನ ಮಗಳಿಗೆ ವಿಷಯ ಹೇಳಿದೆ. "ಆ ಹುಡುಗಿ ನಮ್ಮ ಮನೆಗೆ ಬರ್ತಾಳಾ ಕೇಳು" ಅಂದಳು. ನೀವಿರುವ ಕಡೆಯಿಂದ ನಮ್ಮ ಮನೆ ನಲವತ್ತು ನಿಮಿಷ. ಶನಿವಾರ ಎಷ್ಟೊತ್ತಿಗೆ ಬರ್ತೀರಿ ಹೇಳಿ, ರೊಟ್ಟಿ ಬಡಿದು ಇಡುತ್ತೇನೆ.