ಸಹಾಯ ಬೇಕು: ಎರಡು ದೇಶಗಳಲ್ಲಿರುವ ಮಡಕೆ ಚೂರುಗಳನ್ನು ಆನ್‌ಲೈನ್‌ನಲ್ಲಿ ಒಟ್ಟಿಗೆ ತೋರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಒಂದೇ ಉತ್ಖನನದಲ್ಲಿ ಸಿಕ್ಕ ಮಡಕೆ ಚೂರುಗಳು ಈಗ ಎರಡು ದೇಶಗಳ ಸಂಗ್ರಹಾಲಯಗಳಲ್ಲಿವೆ. ಒಂದೇ ಮಡಕೆಯ ಬಾಯಿ ಅಲ್ಲಿ, ತಳ ಇಲ್ಲಿ. ಪರದೆ ಮೇಲಾದರೂ ಅವು ಕೂಡಲಿ ಅನ್ನುವುದು ನಮ್ಮ ಪುಟ್ಟ ತಂಡದ ಆಸೆ. ಚೀನಾದ ದುನ್‌ಹುವಾಂಗ್‌ನಲ್ಲಿ ಸಿಕ್ಕಿ ಹಲವು ದೇಶಗಳಿಗೆ ಹಂಚಿಹೋದ ಹಳೆಯ ಹಸ್ತಪ್ರತಿಗಳಿಗೆ 1994ರಿಂದಲೇ ಇಂಥ ಕೆಲಸ ನಡೆದಿದೆ, ಅದನ್ನು ನೋಡಿಯೇ ನಮಗೂ ಧೈರ್ಯ ಬಂತು.

ಫೋಟೋ ಚಿಂತೆಯಿಲ್ಲ. ಬಣ್ಣದ ಪಟ್ಟಿ, ಅಳತೆ ಪಟ್ಟಿ ಇಟ್ಟೇ ತೆಗೆದಿದ್ದೇವೆ, ಮೂಲ ಪ್ರತಿಗಳು ಟಿಫ್ ಚಿತ್ರ ಕಡತಗಳಲ್ಲಿವೆ. ಟ್ರಿಪಲ್ ಐ ಎಫ್ (IIIF, ಸಂಗ್ರಹಾಲಯಗಳು ಆನ್‌ಲೈನ್‌ನಲ್ಲಿ ಚಿತ್ರ ಹಂಚಿಕೊಳ್ಳಲು ಬಳಸುವ ಸಾಮಾನ್ಯ ಮಾನದಂಡ) ಬಳಸಿದರೆ ಚಿತ್ರಗಳು ಅವರವರ ಸರ್ವರ್‌ನಲ್ಲೇ ಇದ್ದು ಒಂದೇ ಪರದೆಯಲ್ಲಿ ಅಕ್ಕಪಕ್ಕ ಕಾಣುತ್ತವೆ, ಅಷ್ಟು ಗೊತ್ತು.

ತೊಡಕಿರುವುದು ವಿವರಗಳಲ್ಲಿ. ಅವರು ಬಟ್ಟಲು ಅಂದದ್ದನ್ನು ನಾವು ದೀಪ ಅಂದಿದ್ದೇವೆ, ಮಣ್ಣಿನ ಪದರದ ಸಂಖ್ಯೆಯನ್ನೂ ಬೇರೆ ಬೇರೆ ರೀತಿ ಬರೆದಿದ್ದೇವೆ, ಹೀಗಾಗಿ ಹುಡುಕಿದರೆ ಅರ್ಧ ಚೂರುಗಳು ಸಿಗುವುದೇ ಇಲ್ಲ. ಸಂಗ್ರಹಾಲಯಗಳ ಬೇರೆ ಬೇರೆ ದಾಖಲೆಗಳನ್ನು ಒಂದಕ್ಕೊಂದು ಹೊಂದಿಸುವ ಮಾನದಂಡ ಸಿಡಾಕ್ ಸಿಆರ್‌ಎಂ (CIDOC CRM), ಅಂದರೆ ಐಎಸ್‌ಒ 21127, ಇರುವುದೇ ಇದಕ್ಕೆ ಅಲ್ವಾ? ಆದರೆ ಹಳೆಯ ಎಕ್ಸೆಲ್ ಹಾಳೆಗಳನ್ನು ಅದಕ್ಕೆ ಹೊಂದಿಸಿದವರು ಯಾರಾದರೂ ಇದ್ದರೆ ಎಲ್ಲಿಂದ ಶುರು ಮಾಡಿದಿರಿ ಹೇಳಿ. ಮೊದಲು ಗೆಟ್ಟಿ ಸಂಸ್ಥೆಯ ಎಎಟಿ ಪದಕೋಶದಲ್ಲಿ (ಕಲೆ, ವಾಸ್ತುಶಿಲ್ಪದ ಪದಗಳ ಕೋಶ) ಪ್ರತಿ ಪದಕ್ಕೂ ಇರುವ ಸಂಖ್ಯೆಗಳನ್ನು ಹಾಕಿಕೊಂಡರೆ ಸಾಕಾ?

ಇನ್ನೆರಡು ಪ್ರಶ್ನೆ. ಅಗೆದ ಜಾಗದ ನಿಖರ ಜಿಪಿಎಸ್ ಹಾಕಿದರೆ ನಿಧಿಗಳ್ಳರಿಗೆ ದಾರಿ ತೋರಿಸಿದಂತೆ, ಅದನ್ನು ಎಷ್ಟು ಮಸುಕು ಮಾಡುತ್ತೀರಿ? ಒಂದು ಕಡೆಯವರು ಚಿತ್ರಗಳಿಗೆ ಸಿಸಿ ಬೈ ಪರವಾನಗಿ (ಮೂಲದ ಹೆಸರು ಹೇಳಿದರೆ ವಾಣಿಜ್ಯಕ್ಕೂ ಬಳಸಬಹುದು) ಕೊಟ್ಟಿದ್ದಾರೆ, ಇನ್ನೊಂದು ಕಡೆಯವರು ವಾಣಿಜ್ಯ ಬಳಕೆ ಬೇಡ ಅಂತಾರೆ. ಎರಡನ್ನೂ ಒಂದೇ ಪುಟದಲ್ಲಿ ಹಾಕಿದ ಅನುಭವ ಇರುವವರು ದಯವಿಟ್ಟು ಬರೆಯಿರಿ, ಒಪ್ಪಂದದ ಮಾದರಿ ಇದ್ದರೆ ಇನ್ನೂ ಒಳ್ಳೆಯದು.