15 ಸಾವಿರದಲ್ಲಿ ನಮ್ಮ ಹಾಡನ್ನು ಜನಕ್ಕೆ ಮುಟ್ಟಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದ್ದು, ದಾವಣಗೆರೆ ನಿಟುವಳ್ಳಿಯಿಂದ:

ಎಲ್ಲರಿಗೂ ನಮಸ್ಕಾರ. ಹಗಲು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ರಾತ್ರಿ ಹಾಡು ಮಾಡುತ್ತೇನೆ. ಸಾಹಿತ್ಯ, ಟ್ಯೂನ್, ಗಿಟಾರ್ ಎಲ್ಲ ನನ್ನದೇ. ಮೂರು ಹಾಡು ರೆಕಾರ್ಡ್ ಆಗಿ ಮಿಕ್ಸಿಂಗ್ ಕೂಡ ಮುಗಿದಿದೆ. ಕೈಯಲ್ಲಿ ಉಳಿದಿರುವುದು 15 ಸಾವಿರ. ಒಬ್ಬರು ವಿಡಿಯೋ ಮಾಡಿಸು ಅನ್ನುತ್ತಾರೆ, ಇನ್ನೊಬ್ಬರು ಪ್ರಮೋಷನ್‌ಗೆ ಕೊಡು ಅನ್ನುತ್ತಾರೆ, ಅಪ್ಪ ಬೈಕಿನ ಕಂತು ಕಟ್ಟು ಅನ್ನುತ್ತಾರೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಬೆಂಗಳೂರಿಗೆ ಹೋಗು ಅಂತ ಮಾತ್ರ ಹೇಳಬೇಡಿ, ಅದು ಆಗದ ಮಾತು.

ವಿನೋಬನಗರದಿಂದ ಒಬ್ಬರು:

ತಮ್ಮ, ನಾನು ದುಡ್ಡು ಕಳೆದುಕೊಂಡ ಕಥೆಯಿಂದಲೇ ಶುರು ಮಾಡುತ್ತೇನೆ, ನಿನಗೆ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ನನ್ನ ಮೊದಲ ಹಾಡಿಗೆ ವಿಡಿಯೋ ಮಾಡಿಸಿದೆ. 22 ಸಾವಿರ ಆಯಿತು. ದುರ್ಗದ ಕೋಟೆಯಲ್ಲಿ ಬೆಳಗಿನ ಜಾವ ತೆಗೆದದ್ದು, ಮಬ್ಬು, ಬಂಡೆ, ಬತೇರಿ, ಬಂಡೆ ಮೇಲೆ ನಾನು. ನೋಡಲು ಚೆನ್ನಾಗಿಯೇ ಇತ್ತು. (ಅಂದಹಾಗೆ ಕೋಟೆ ಪುರಾತತ್ವ ಇಲಾಖೆಯದು. ಮೊಬೈಲ್ ಹಿಡಿದು ನಿಂತರೆ ಯಾರೂ ಏನೂ ಅನ್ನುವುದಿಲ್ಲ, ದೊಡ್ಡ ಕ್ಯಾಮೆರಾ, ಟ್ರೈಪಾಡ್ ಬಿಚ್ಚಿದರೆ ಅನುಮತಿ ಪತ್ರ ಎಲ್ಲಿ ಅಂತ ಕೇಳುತ್ತಾರೆ. ನಮ್ಮದು ಅರ್ಧ ದಿನ ಅದರಲ್ಲೇ ಹೋಯಿತು.) ಆಮೇಲೆ ಹಾಡಿನ ಹೆಸರು, ನನ್ನ ಹೆಸರು, ಕ್ಯಾಮೆರಾದವನ ಹೆಸರು, ಕೃತಜ್ಞತೆ ಅಂತ ಆರು ಜನರ ಹೆಸರು. ನಾನು ಬಾಯಿ ತೆರೆದದ್ದು 52ನೇ ಸೆಕೆಂಡಿಗೆ.

ಅದರ ಮೇಲೆ ಒಬ್ಬ ಫೋನ್ ಮಾಡಿ 4,500 ಕೊಡಿ, 50 ಸಾವಿರ ವ್ಯೂಸ್ ಬರಿಸುತ್ತೇನೆ ಅಂದ. ಕೊಟ್ಟೆ. ಬಂತು ಕೂಡ, ಹತ್ತೇ ದಿನದಲ್ಲಿ! ಮನೆಯಲ್ಲಿ ಕೇಸರಿಬಾತ್ ಮಾಡಿದ್ದರು. ಆಮೇಲೆ ಯೂಟ್ಯೂಬ್ ಸ್ಟುಡಿಯೋ ತೆಗೆದು ನೋಡಿದೆ. ಜನ ಎಷ್ಟು ಹೊತ್ತು ನೋಡಿದರು ಅಂತ ಅದರಲ್ಲಿ ಒಂದು ಗೆರೆ ಬರುತ್ತದೆ. ನನ್ನ ಗೆರೆ ಬತೇರಿಯಿಂದ ಬಿದ್ದ ಕಲ್ಲಿನ ಹಾಗೆ ನೇರ ಕೆಳಗೆ. ಸರಾಸರಿ 9 ಸೆಕೆಂಡು. ಅಂದರೆ ಆ 50 ಸಾವಿರದಲ್ಲಿ ನನ್ನ ದನಿ ಕೇಳಿದವರು ಬೆರಳೆಣಿಕೆ. ನೋಡಿದವರ ಊರು ನೋಡಿದರೆ ಕರ್ನಾಟಕ ಎಲ್ಲೋ ಕೊನೆಯಲ್ಲಿತ್ತು.

ದುಡ್ಡು ಹೋದದ್ದು ಬಿಡು, ಅದಕ್ಕಿಂತ ದೊಡ್ಡ ಪೆಟ್ಟು ಬೇರೆ. ಯಾರು ಕ್ಲಿಕ್ ಮಾಡಿದರು, ಎಷ್ಟು ಹೊತ್ತು ಕೂತು ನೋಡಿದರು ಅಂತ ಲೆಕ್ಕ ಇಟ್ಟುಕೊಂಡೇ ಯೂಟ್ಯೂಬ್ ಮುಂದೆ ಯಾರಿಗೆ ತೋರಿಸಬೇಕು ಅಂತ ತೀರ್ಮಾನ ಮಾಡುವುದು. ಬಂದವರೆಲ್ಲ 9 ಸೆಕೆಂಡಿಗೆ ಎದ್ದು ಹೋದರೆ ಅದು ಬೇರೆಯವರನ್ನು ಯಾಕೆ ಕರೆಯುತ್ತದೆ? ನನ್ನ ಎರಡನೇ ಹಾಡನ್ನು ನಮ್ಮ ಓಣಿಯವರ ಫೋನಿಗೂ ಅದು ತೋರಿಸಲಿಲ್ಲ. ಸ್ಪಾಟಿಫೈನಲ್ಲಂತೂ ಕಾಸು ಕೊಟ್ಟು ಬರಿಸಿದ ಕಳ್ಳ ಪ್ಲೇ ಸಿಕ್ಕಿಬಿದ್ದರೆ ಡಿಸ್ಟ್ರಿಬ್ಯೂಟರ್‌ಗೆ (ನಮ್ಮ ಹಾಡನ್ನು ಅಲ್ಲಿಗೆ ತಲುಪಿಸುವ ಕಂಪನಿಗೆ) ದಂಡ ಬೀಳುತ್ತದೆ, ಅವರು ನಿನ್ನ ಹಾಡನ್ನೇ ತೆಗೆದುಹಾಕಬಹುದು. ಪ್ಲೇಲಿಸ್ಟ್‌ಗೆ ಗ್ಯಾರಂಟಿ ಸೇರಿಸುತ್ತೇವೆ ಅಂತ ದುಡ್ಡು ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡ.

ಇನ್ನು ಕೆಲಸಕ್ಕೆ ಬಂದದ್ದು. ಎರಡನೇ ಹಾಡಿನ ಚರಣದಲ್ಲಿ "ಸಂಜೆ ಮಳೆಗೆ ಮಂಡಕ್ಕಿ ಮೆತ್ತಗಾಯ್ತು, ನೀ ಬರೋ ಹೊತ್ತಿಗೆ ಮುನಿಸೂ ಮೆತ್ತಗಾಯ್ತು" ಅಂತ ಎರಡು ಸಾಲು ಇತ್ತು. ಒಂದು ದಿನ ಸಂಜೆ ನಿಜವಾಗಿಯೂ ಮಳೆ, ಮಿರ್ಚಿ ಗಾಡಿಯ ಪ್ಲಾಸ್ಟಿಕ್ ಹೊದಿಕೆ ಕೆಳಗೆ ನಾನು, ನನ್ನ ಸ್ನೇಹಿತ ನಿಂತಿದ್ದೆವು. ಸುಮ್ನೆ ಅಲ್ಲೇ ಹಾಡಿದೆ, ಅವನು ಮೊಬೈಲಲ್ಲಿ ಹಿಡಿದ. ಹಿಂದೆ ಎಣ್ಣೆ ಚುರ್ ಅನ್ನುವ ಸದ್ದು, ಗಾಡಿಯವರು ಮೆಣಸಿನಕಾಯಿ ಬಿಡುತ್ತಾ ತಲೆ ಆಡಿಸುತ್ತಿದ್ದರು. 28 ಸೆಕೆಂಡು, ಮೊದಲ ಸೆಕೆಂಡಿನಿಂದಲೇ ಹಾಡು. ರೀಲ್ಸ್‌ಗೆ ಹಾಕಿದೆ, ವಾಟ್ಸಾಪ್ ಸ್ಟೇಟಸ್‌ಗೂ ಹಾಕಿದೆ. 11 ಸಾವಿರ ಜನ ನೋಡಿದರು, ಖರ್ಚು ಎರಡು ಪ್ಲೇಟ್ ಮಿರ್ಚಿ. ಹರಿಹರ, ಚನ್ನಗಿರಿ, ಜಗಳೂರಿನಿಂದೆಲ್ಲ ಪೂರ್ತಿ ಹಾಡು ಎಲ್ಲಿದೆ ಅಂತ ಮೆಸೇಜ್ ಬಂತು. ಆ 50 ಸಾವಿರ ವ್ಯೂಸ್‌ನಲ್ಲಿ ಒಬ್ಬರೂ ಹಾಗೆ ವಿಚಾರಿಸಿರಲಿಲ್ಲ.

ಹಾಡು ಬಿಡುವ ಬಗ್ಗೆ ಬೇಗ ಹೇಳುತ್ತೇನೆ. ಸ್ಪಾಟಿಫೈ, ಜಿಯೋಸಾವನ್‌ಗೆ ಹಾಡು ಹೋಗಬೇಕಾದರೆ ನಡುವೆ ಡಿಸ್ಟ್ರಿಬ್ಯೂಟರ್ ಬೇಕು. ವರ್ಷಕ್ಕೆ ಇಷ್ಟು ಅಂತ ತೆಗೆದುಕೊಳ್ಳುವವರು ಇದ್ದಾರೆ, ಡಿಸ್ಟ್ರೋಕಿಡ್ ಹಾಗೆ. ಆ ವರ್ಷದ ದುಡ್ಡು ಕಟ್ಟುವುದು ನಿಲ್ಲಿಸಿದರೆ ಹಾಡು ಇಳಿದುಹೋಗುತ್ತದೆ, ಇಳಿಯಬಾರದು ಅಂದರೆ ಬೇರೆ ಶುಲ್ಕ. ರೌಟ್‌ನೋಟ್‌ನಲ್ಲಿ ಉಚಿತ ದಾರಿ ಇದೆ, ಬಂದ ಆದಾಯದಲ್ಲಿ 15% ಅವರದು. ಮೂರು ಹಾಡಿಗೆ ಉಚಿತದ್ದೇ ಸಾಕು. ಡಿಸ್ಟ್ರಿಬ್ಯೂಟರ್ ಫಾರಂನಲ್ಲಿ ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ಗೆ ಟಿಕ್ ಹಾಕುವುದನ್ನು ಮರೆಯಬೇಡ, ಆಗ ಬೇರೆಯವರು ತಮ್ಮ ರೀಲ್‌ಗೆ ನಿನ್ನ ಹಾಡನ್ನು ಹಾಕಿಕೊಳ್ಳಬಹುದು.

ಮೂರನ್ನೂ ಒಂದೇ ದಿನ ಬಿಡಬೇಡ. ಬಿಡುಗಡೆ ದಿನವನ್ನು ಮೂರು ನಾಲ್ಕು ವಾರ ಮುಂದೆ ಇಡು. ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲಿ ಅವರ ಪ್ಲೇಲಿಸ್ಟ್ ತಂಡಕ್ಕೆ ಹಾಡು ಕಳಿಸಬಹುದು, ಅದಕ್ಕೆ ದುಡ್ಡಿಲ್ಲ. ಆದರೆ ಇನ್ನೂ ಬಿಡುಗಡೆ ಆಗದ ಹಾಡೇ ಆಗಬೇಕು, ಒಂದು ಸಲಕ್ಕೆ ಒಂದೇ. ಕನಿಷ್ಠ 7 ದಿನ ಮೊದಲು ಕಳಿಸಿದರೆ, ಅವರು ಆರಿಸದೇ ಹೋದರೂ ನಿನ್ನನ್ನು ಫಾಲೋ ಮಾಡುವವರಿಗೆ ಬರುವ ಹೊಸ ಹಾಡುಗಳ ವಾರದ ಪಟ್ಟಿಯಲ್ಲಿ ಹಾಡು ಬರುತ್ತದೆ. ದುಡ್ಡಿನ ಆಸೆ ಈಗಲೇ ಬೇಡ. 2024ರಿಂದ ಅಲ್ಲಿ ಒಂದು ಹಾಡು 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದಿದ್ದರೆ ಬಿಡಿಗಾಸೂ ಹುಟ್ಟುವುದಿಲ್ಲ.

ಚಿತ್ರದುರ್ಗದಿಂದ, ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವರು:

ಮೇಲಿನವರು ಹೇಳಿದ್ದು ಸರಿ, ಆದರೆ ಎಲ್ಲ ಫೋನಿನೊಳಗೇ ಆಯಿತು. ನಮ್ಮ ಕಡೆ ಗಣಪತಿ ಕೂರಿಸಿದಲ್ಲಿಂದ ನವೆಂಬರ್ ಮುಗಿಯುವವರೆಗೆ ಎಷ್ಟು ರಸಮಂಜರಿ ಆಗುತ್ತವೆ ಲೆಕ್ಕ ಹಾಕಿ. ಕಮಿಟಿಯವರು ಸಿನಿಮಾ ಹಾಡೇ ಬೇಕು ಅನ್ನುತ್ತಾರೆ, ಬೈದು ಪ್ರಯೋಜನ ಇಲ್ಲ. ನಾವು ಹುಡುಗರಿಗೆ ಹೇಳುವುದು ಇಷ್ಟೇ: ನಾಲ್ಕು ಸಿನಿಮಾ ಹಾಡು ಚೆನ್ನಾಗಿ ಹಾಡಿಕೊಡಿ, ಐದನೆಯದು ನಿಮ್ಮದು. ಶುರುವಿನಲ್ಲೇ ಹಾಡಬೇಡಿ, ಜನ ಇನ್ನೂ ಕುರ್ಚಿ ಎಳೆದುಕೊಳ್ಳುತ್ತಿರುತ್ತಾರೆ. ದೊಡ್ಡ ಹಿಟ್ ಹಾಡಿನ ಬೆನ್ನಿಗೂ ಬೇಡ, ಸಪ್ಪೆ ಆಗುತ್ತದೆ.

ಹಾಡಿ ಇಳಿದ ಮೇಲೆ ಎಷ್ಟೋ ಜನ ಬಂದು ಚೆನ್ನಾಗಿತ್ತು ಅಂತಾರೆ, ಮನೆಗೆ ಹೋಗಿ ಹುಡುಕಿದರೆ ಸಿಗುವುದಿಲ್ಲ. ಯಾಕೆ ಅಂದರೆ ಹಾಡಿನ ಹೆಸರು "ನೀನೇ" ಅಂತ ಇರುತ್ತದೆ. ನೀನೇ ಅಂತ ಎಷ್ಟು ಸಾವಿರ ಹಾಡು ಇವೆಯೋ! ಬೇರೆ ಯಾರೂ ಇಡದ ಹೆಸರು ಇಡಿ. ಯೂಟ್ಯೂಬ್‌ನಲ್ಲಿ ಅದನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ, ನಮ್ಮ ಜನ ಕನ್ನಡ ಹಾಡನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹುಡುಕುವುದು. ಸ್ಕ್ಯಾನ್ ಮಾಡಿದರೆ ಹಾಡು ತೆರೆಯುವ ಒಂದು ಕ್ಯೂಆರ್ ಸ್ಟಿಕ್ಕರ್ ಮಾಡಿಸಿ ಗಿಟಾರ್ ಮೇಲೆ, ಬೈಕ್ ಮೇಲೆ, ಗೊತ್ತಿರುವ ಟೀ ಅಂಗಡಿಯ ಗೋಡೆ ಮೇಲೆ ಅಂಟಿಸಿ. ಫೋನ್‌ಪೇ ಸ್ಟಿಕ್ಕರ್ ಪಕ್ಕ ಮಾತ್ರ ಬೇಡ, ನಮ್ಮವನೊಬ್ಬ ಅಂಟಿಸಿ ಅಂಗಡಿಯವರಿಂದ ಉಗಿಸಿಕೊಂಡ.

ಕಂಪನಿ ನಾಟಕದವರು ಹೊಸ ಊರಿಗೆ ಬಂದರೆ ಆಟೋಕ್ಕೆ ಮೈಕ್ ಕಟ್ಟಿ ಸುತ್ತಲಿನ ಹಳ್ಳಿಗಳಿಗೆಲ್ಲ ಹೋಗಿ ಕೂಗಿ ಬರುತ್ತಿದ್ದರು. ನಾಟಕ ಕಂಪನಿ ನಡೆಸಿದ ಚಿಂದೋಡಿ ಲೀಲಾ ಅವರ ಊರಿನವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾ? ಮೊದಲು ಸುತ್ತಲಿನ 40 ಹಳ್ಳಿ, ಆಮೇಲೆ ಹುಬ್ಬಳ್ಳಿ. ಚಿತ್ರದುರ್ಗ ಆಕಾಶವಾಣಿಯಲ್ಲಿ ಸುಗಮ ಸಂಗೀತಕ್ಕೆ ಆಡಿಷನ್ ಕರೆದಾಗ ಅರ್ಜಿ ಹಾಕಿ, ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಚೇರಿಗೂ ಒಮ್ಮೆ ಹೋಗಿ ಬನ್ನಿ, ಯುವ ಸೌರಭದಂಥ ಕಾರ್ಯಕ್ರಮಕ್ಕೆ ಕಲಾವಿದರು ಬೇಕಾಗುತ್ತಾರೆ. ಫೋನ್ ಮಾಡಿದರೆ ಆಗದು, ಹೋಗಿ ಮುಖ ತೋರಿಸಬೇಕು.

ಹೊಸದುರ್ಗ ಕಡೆಯಿಂದ, ಸುಗಮ ಸಂಗೀತ ಹಾಡುವ ಅಕ್ಕ ಒಬ್ಬರು:

ನೋಡಪ್ಪ, ನಿನ್ನ ಹಾಡು ಜನಕ್ಕೆ ಗೊತ್ತಾಗುವ ಮುಂಚೆ ಗೊತ್ತಿರುವ ಹಾಡು ಹಾಡಿ ಜನ ಸೇರಿಸು ಅಂತ ನಿನಗೆ ಯಾರಾದರೂ ಹೇಳೇ ಹೇಳುತ್ತಾರೆ. ನಾನೂ ಹಾಗೇ ಮಾಡಿದೆ. ಒಂದು ಭಾವಗೀತೆ ಹಾಡಿ ಹಾಕಿದೆ, ಚೆನ್ನಾಗಿ ಓಡಿತು, ಮೂರನೇ ವಾರಕ್ಕೆ ಇದರ ಹಕ್ಕು ನಮ್ಮದು ಅಂತ ಒಂದು ಕ್ಯಾಸೆಟ್ ಕಂಪನಿಯ ಕ್ಲೇಮ್ ಬಂತು. ಹೆದರಿ ವಿಡಿಯೋನೇ ಅಳಿಸಿಬಿಟ್ಟೆ, ಅದು ನನ್ನ ದಡ್ಡತನ. ಕ್ಲೇಮ್ ಬಂದರೆ ಸಾಮಾನ್ಯವಾಗಿ ವಿಡಿಯೋ ಇರುತ್ತದೆ, ಜಾಹೀರಾತಿನ ದುಡ್ಡು ಅವರಿಗೆ ಹೋಗುತ್ತದೆ ಅಷ್ಟೇ. ಸ್ಟ್ರೈಕ್ ಬೇರೆ, ಹಕ್ಕು ಇದ್ದವರು ದೂರು ಕೊಟ್ಟು ವಿಡಿಯೋ ತೆಗೆಸಿದಾಗ ಬೀಳುವುದು ಅದು. 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗುತ್ತದೆ.

ನಮ್ಮ ದೇಶದ ಕಾಪಿರೈಟ್ ಕಾಯಿದೆಯಲ್ಲಿ ಕವಿ ತೀರಿಕೊಂಡ ಮೇಲೆ 60 ವರ್ಷದ ತನಕ ಹಕ್ಕು ಅವರ ವಾರಸುದಾರರದು. ಬೇಂದ್ರೆಯವರು ಹೋದದ್ದು 1981ರಲ್ಲಿ, ಅಂದರೆ 2041 ಮುಗಿಯುವವರೆಗೆ ಕೇಳಿಯೇ ಹಾಡಬೇಕು. ಶಿಶುನಾಳ ಷರೀಫರು 1889ರಲ್ಲೇ ಹೋದವರು, ವಚನಗಳು 12ನೇ ಶತಮಾನದವು, ಇವಕ್ಕೆ ಯಾರನ್ನೂ ಕೇಳಬೇಕಿಲ್ಲ. ಆದರೆ ಸಿ. ಅಶ್ವತ್ಥ್ ಅವರು ಹಾಕಿದ ಧಾಟಿಯಲ್ಲೇ ಷರೀಫರ ಪದ ಹಾಡಿದರೆ ಆ ಧಾಟಿಗೆ ಹಕ್ಕು ಇದೆ. ಸಾಹಿತ್ಯ ಅವರದಿರಲಿ, ಧಾಟಿ ನಿನ್ನದು ಹಾಕು. ನಾನು ಈಗ ಅದನ್ನೇ ಮಾಡುತ್ತಿದ್ದೇನೆ. ಮಠದ ಕಾರ್ಯಕ್ರಮಕ್ಕೆ ಕರೆದಾಗ ಹೊಸ ಧಾಟಿಯ ವಚನ ಎರಡು ಹಾಡಿ ನಡುವೆ ನನ್ನ ಸ್ವಂತದ್ದು ಒಂದು ಹಾಡುತ್ತೇನೆ, ಹಳ್ಳಿಯ ಹೆಂಗಸರು ಅದನ್ನೂ ವಚನ ಅಂದುಕೊಂಡು ಕೈ ಮುಗಿಯುತ್ತಾರೆ.

ಇನ್ನೊಂದು. ಯಾರಾದರೂ ಹಾಡು ನಾವೇ ಬಿಡುತ್ತೇವೆ ಅಂತ ಬಂದರೆ ಕಾಗದದಲ್ಲಿ ಏನು ಬರೆದಿದೆ ಅಂತ ಪೂರ್ತಿ ಓದು. ಎಲ್ಲ ಹಕ್ಕೂ ಶಾಶ್ವತವಾಗಿ ಅವರಿಗೆ ಅಂತ ಇದ್ದರೆ ಸಹಿ ಹಾಕಬೇಡ, ಐದು ಸಾವಿರ ಕೊಟ್ಟರೂ ಸರಿ.

ಹರಿಹರದಿಂದ:

ಬೂಸ್ಟ್ ಬಗ್ಗೆ, ಅಂದರೆ ಇನ್‌ಸ್ಟಾಗ್ರಾಮ್‌ಗೇ ದುಡ್ಡು ಕಟ್ಟಿ ರೀಲ್ ಅನ್ನು ಜಾಹೀರಾತಿನ ಹಾಗೆ ಹೆಚ್ಚು ಜನಕ್ಕೆ ತೋರಿಸುವುದರ ಬಗ್ಗೆ, ಯಾರೂ ಹೇಳಲಿಲ್ಲ. ತಾನಾಗಿಯೇ ಓಡಿದ ರೀಲ್‌ಗೆ ಮಾತ್ರ ದುಡ್ಡು ಹಾಕಿ, ಮಲಗಿದ್ದನ್ನು ಎಬ್ಬಿಸಲು ಹಾಕಬೇಡಿ. ನಾನು ದಿನಕ್ಕೆ 200ರಂತೆ ಐದು ದಿನ ಹಾಕುತ್ತೇನೆ. ಜಾಗ ಆರಿಸುವಾಗ ಇಡೀ ಭಾರತ ಬಿಟ್ಟು ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ, ಹಾವೇರಿ ಅಷ್ಟೇ. ಕಡಿಮೆ ಜನಕ್ಕೆ ಹೋಗುತ್ತದೆ, ಆದರೆ ಭಾಷೆ ಬರುವವರಿಗೆ ಹೋಗುತ್ತದೆ. ಕಮೆಂಟ್ ಹಾಕಿದ ಪ್ರತಿಯೊಬ್ಬರಿಗೂ ಉತ್ತರ ಬರೆಯಿರಿ, ಬರೀ ಹಾರ್ಟ್ ಒತ್ತಿ ಬಿಡಬೇಡಿ.

ವಿಡಿಯೋ ಪೂರ್ತಿ ದಂಡ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನನ್ನ ಒಂದು ವಿಡಿಯೋ ನೋಡಿಯೇ ಮದುವೆ ರಿಸೆಪ್ಷನ್‌ಗೆ ಮೂರು ಕಡೆ ಕರೆದರು, ಅದರಲ್ಲಿ ಅಸಲು ಬಂತು. ಆದರೆ ಮೊದಲ ಹಾಡಿಗೇ ಬೇಡ.

ಕೇಳಿದವರು ಮತ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲೆಕ್ಕ ಬರೆಯುವವನು ತಾನೇ, ಲೆಕ್ಕ ಹಾಕಿದೆ. ಡಿಸ್ಟ್ರಿಬ್ಯೂಟರ್ ಉಚಿತ. ಬೂಸ್ಟ್ ಹಾಡಿಗೆ ಸಾವಿರದಂತೆ 3,000. ಮೊಬೈಲ್‌ಗೆ ಸಿಕ್ಕಿಸುವ ಮೈಕ್ 2,500. ಸ್ಟಿಕ್ಕರ್ 600. ಒಟ್ಟು 6,100. ಉಳಿದ 8,900ರಲ್ಲಿ ಬೈಕಿನ ಎರಡು ಕಂತು 6,400, ಅಪ್ಪನಿಗೂ ಸಮಾಧಾನ. ಮಿಕ್ಕ 2,500 ನಾಲ್ಕನೇ ಹಾಡಿಗೆ. ಒಂದು ಹಾಡಿನ ಹೆಸರು "ನೀನಿಲ್ಲದೆ" ಅಂತ ಇತ್ತು, ಬದಲಾಯಿಸುತ್ತಿದ್ದೇನೆ.

ಒಂದೇ ಅನುಮಾನ. ಮೊದಲು ಬಿಡುವ ಹಾಡಿನ ಶುರುವಿನಲ್ಲಿ 35 ಸೆಕೆಂಡು ಬರೀ ಗಿಟಾರ್ ಇದೆ. ನನಗೆ ಹಾಡಿನಲ್ಲಿ ತುಂಬಾ ಇಷ್ಟವಾದ ಜಾಗವೇ ಅದು.

ವಿನೋಬನಗರದವರು:

ಹಾಡಿನಲ್ಲಿ ಇರಲಿ ತಮ್ಮ, ಮುಟ್ಟಬೇಡ. ರೀಲ್‌ನಲ್ಲಿ ಬೇಡ. ಬರುವ ಭಾನುವಾರ ಸಂಜೆ ಗಿಟಾರ್ ತೆಗೆದುಕೊಂಡು ಮಿರ್ಚಿ ಗಾಡಿ ಹತ್ತಿರ ಬಾ, ಯಾವ 28 ಸೆಕೆಂಡು ಅಂತ ಅಲ್ಲೇ ಹಾಡಿ ನೋಡೋಣ.